ಪಾತ್ರೆ ತುಂಬಿ ಹೊರಗೆ ಹೋಗಿದೆ

ಕೊಡಗಿನಲ್ಲಿ, ನಮ್ಮ ಮಾದಾಪುರದ ಕಡೆ ಮಳೆಗಾಲದಲ್ಲಿ ಫೋನ್ ಬಂದರೆ ಮೊದಲ ಪ್ರಶ್ನೆಯೇ 'ನಿನ್ನೆ ಎಷ್ಟಾಯ್ತು?' ಉತ್ತರ ಇಂಚು, ಸೆಂಟಿನಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಇದು ಸುಮ್ನೆ ಹರಟೆಯಲ್ಲ. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಸಾಕಷ್ಟು ಬಿತ್ತಾ, ಇಲ್ಲ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕಾ ಅಂತ ನಾವು ತೀರ್ಮಾನ ಮಾಡೋದು ಈ ಲೆಕ್ಕ ನೋಡಿಯೇ.

ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ರೇನ್ ಗೇಜ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಜ್ವರ ಬಂದರೂ ಬಿಡಲಿಲ್ಲ. 2018ರ ಆಗಸ್ಟ್ ಪುಟದಲ್ಲಿ ಒಂದು ದಿನ ಮಾತ್ರ ಅಂಕಿ ಇಲ್ಲ. 'ಪಾತ್ರೆ ತುಂಬಿ ಹೊರಗೆ ಹೋಗಿದೆ. ಎಷ್ಟೆಂದು ಗೊತ್ತಿಲ್ಲ' ಅಂತಿದೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜಾರಿದ ವಾರ ಅದು. ಪಕ್ಕದ ತೋಟದ ಅಂಕಲ್, 'ಹದಿನೈದು ಇಂಚು ಅಂತ ಹಾಕಿಬಿಡಿ, ಪರಿಹಾರ ಕೇಳುವಾಗ ಬೇಕಾಗುತ್ತೆ' ಅಂದರು. ಅಪ್ಪ ಹಾಕಲಿಲ್ಲ. ನನಗೆ ಆಗ ಸಿಟ್ಟು ಬಂದಿತ್ತು.

ಆಮೇಲೆ ಆ ಪುಸ್ತಕ ಹಿಡಿದು ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಎರಡು ಪುಟ ತಿರುವಿ, 'ಇದು ಸರ್ಕಾರಿ ಅಳತೆ ಅಲ್ವಲ್ಲಮ್ಮ' ಅಂತ ವಾಪಸ್ ಕೊಟ್ಟರು. ಸರ್ಕಾರಿ ಮಾಪಕ ಇರೋದು ಗುಡ್ಡದ ಆಚೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲದ ಜಿಲ್ಲೆ ಇದು. ಒಂದು ಗುಡ್ಡ ದಾಟಿದರೆ ಲೆಕ್ಕವೇ ಬೇರೆ.

ತಪ್ಪು ಅವರದೊಂದೇ ಅಲ್ಲ ಬಿಡಿ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಉಳಿಸೋಕೆ ಅಂತ ಬಂದ ಕಸ್ತೂರಿರಂಗನ್ ವರದಿ ವಿರುದ್ಧದ ಸಭೆಯಲ್ಲಿ ನಾನೂ ಕೂಗಿದ್ದೆ. ವರದಿ ಓದಿರಲಿಲ್ಲ. ಕಾಫಿ ಗಿಡ ಕೀಳಿಸ್ತಾರಂತೆ ಅಂತ ಯಾರೋ ಹೇಳಿದ್ದರು, ಅಷ್ಟೇ ಸಾಕಾಯಿತು. ಎಷ್ಟೋ ದಿನದ ಮೇಲೆ ಓದಿದರೆ ಅದರಲ್ಲಿ ನಿಷೇಧ ಅಂತಿದ್ದದ್ದು ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಹೆಚ್ಚು ಮಾಲಿನ್ಯದ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡ. ಹಾಗಂತ ನಮ್ಮ ತಕರಾರೆಲ್ಲ ಸುಳ್ಳಲ್ಲ. ಸೂಕ್ಷ್ಮ ಪ್ರದೇಶ ಗುರುತಿಸಿದ್ದು ಉಪಗ್ರಹದ ಚಿತ್ರ ನೋಡಿ, ಅದರಲ್ಲಿ ಮರದ ನೆರಳಿನ ಕಾಫಿ ತೋಟ ಕಾಡಿನ ಹಾಗೇ ಕಾಣಬಹುದು. ಅದನ್ನು ನೆಲದ ಮೇಲೆ ನಿಂತು ನೋಡಬೇಕು. ಆದರೆ ನಾವು ಅಳೆದು ತೋರಿಸಲಿಲ್ಲ, ಕೂಗಿದೆವು. 2024ರ ಜುಲೈ ಕೊನೆಗೆ ಆ ಸೂಕ್ಷ್ಮ ಪ್ರದೇಶ ಘೋಷಿಸೋಕೆ ಕೇಂದ್ರದ ಆರನೇ ಕರಡು ಅಧಿಸೂಚನೆ ಬಂತು, ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರದಿ ಬೇಡ ಅಂದಿತು. ಊರಲ್ಲಿ ಖುಷಿಯೋ ಖುಷಿ. ಸರಿ, ಅದು ಬೇಡವಾದರೆ ಮತ್ತೇನು ಬೇಕು? ರಸ್ತೆಗೆ, ಮನೆಗೆ ಅಂತ ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದದ್ದೂ 2018ರ ಜಾರಿಕೆಗೆ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ದರಲ್ಲ, ಅದಕ್ಕೆ ನಮ್ಮ ಉತ್ತರ ಏನು?

ಆ ಕರಡು ಬರುವ ಹಿಂದಿನ ದಿನವೇ ಕೇರಳದ ವಯನಾಡಿನಲ್ಲಿ ಗುಡ್ಡ ಜಾರಿ ಮುಂಡಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋಗಿದ್ದವು. ಅಲ್ಲಿನ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಅನ್ನೋ ಸಂಶೋಧನಾ ಸಂಸ್ಥೆಯವರು ಆ ಜಿಲ್ಲೆಯ ತುಂಬ 200ಕ್ಕೂ ಹೆಚ್ಚು ಕಡೆಯಿಂದ ದಿನಾ ಮಳೆ ಲೆಕ್ಕ ಸೇರಿಸುತ್ತಾರೆ. ಅದನ್ನು ನೋಡಿ ಅವರು ಗುಡ್ಡ ಜಾರುವ ಹಿಂದಿನ ದಿನವೇ ಎಚ್ಚರಿಸಿದ್ದರು. ಲೆಕ್ಕ ಇತ್ತು, ಎಚ್ಚರಿಕೆಯೂ ಹೋಗಿತ್ತು. ಆದರೂ ಎಷ್ಟೋ ಜನ ಅಲ್ಲೇ ಉಳಿದಿದ್ದರು. ಹಾಗಾಗಿ ಲೆಕ್ಕ ಇದ್ದರೆ ಎಲ್ಲ ಸರಿಯಾಗುತ್ತೆ ಅಂತ ನಾನು ಹೇಳಲ್ಲ. ಆದರೆ ಅಂಥ ಲೆಕ್ಕ ನಮ್ಮ ಮನೆ ಮನೆಯಲ್ಲೂ ಇದೆ, ಕಪಾಟಿನೊಳಗೆ.

ಈಗ ಅಕ್ಕಪಕ್ಕದ ಏಳು ತೋಟದವರು ನೋಟ್‌ಬುಕ್ ಕೊಟ್ಟಿದ್ದಾರೆ. ರಾತ್ರಿ ಕೂತು ಟೈಪ್ ಮಾಡುತ್ತಿದ್ದೇನೆ. ಜಿಲ್ಲಾಡಳಿತಕ್ಕೂ ಬೆಂಗಳೂರಿನ ವಿಪತ್ತು ಉಸ್ತುವಾರಿ ಕೇಂದ್ರಕ್ಕೂ ಕಳಿಸಬೇಕು. ಅಪ್ಪನ ಆ ಸಾಲನ್ನು ಹಾಗೇ ಇಟ್ಟಿದ್ದೇನೆ, ಅಂಕಿ ತುಂಬಿಲ್ಲ. ಮಿಲಿಮೀಟರ್‌ನಲ್ಲೇ ಬರೆಯೋಣ ಅಂದರೆ ಮಾತ್ರ ಅಂಕಲ್ ಒಪ್ಪುತ್ತಿಲ್ಲ, 'ನಮಗೆ ಸೆಂಟೇ ಇರಲಿ' ಅಂತಾರೆ. ಎರಡು ಕಾಲಂ ಹಾಕಿದ್ದೇನೆ.