ಕೆಟ್ಟಿದ್ದು ಮರಳುವ ತಂತಿ

ಬಾಗಲಕೋಟೆಯಲ್ಲಿ ಟ್ರ್ಯಾಕ್ಟರ್, ಲಾರಿಗಳ ವೈರಿಂಗ್ ಮಾಡುವ ನನಗೆ ದೋಣಿಯ ಕೆಲಸ ಬಂದದ್ದು ಕಳೆದ ಮಳೆಗಾಲದಲ್ಲಿ. ಆಲಮಟ್ಟಿಯ ನೀರು 519.60 ಮೀಟರಿನವರೆಗೆ ಏರಿ ಹಿನ್ನೀರು ಘಟಪ್ರಭೆಯಗುಂಟ ಹಳೆಯ ಊರಿನ ಅಂಚಿಗೆ ಬಂದು ನಿಲ್ಲುವ ದಿನಗಳವು. ಕಟ್ಲಾ, ರೋಹು ಹಿಡಿಯಲು ಹರಿಗೋಲಿನಲ್ಲಿ ಹೋಗುವವರೇ ನಮ್ಮಲ್ಲಿ ಹೆಚ್ಚು. ಆದರೆ ಅಂಗಡಿಗೆ ಬಂದ ಕಾಕಾ ಅವರದು ಡೀಸೆಲ್ ಎಂಜಿನ್ನಿನ ಫೈಬರ್ ದೋಣಿ. ಅದರಲ್ಲಿ 12 ವೋಲ್ಟಿನ ಬ್ಯಾಟರಿ, ಎರಡು ಎಲ್‌ಇಡಿ ದೀಪ ಮತ್ತು ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಸಣ್ಣ ಪಂಪು ಇದ್ದವು.

"ಲೈಟ್ ಒಮ್ಮೆ ಹತ್ತತಾವ, ಒಮ್ಮೆ ಆರತಾವ ತಮ್ಮಾ. ದಂಡಿಗೆ ತಂದು ನೋಡಿದ್ರ ಎಲ್ಲಾ ಬರೋಬರಿ ಇರತೈತಿ," ಎಂದರು. ಅಷ್ಟರಲ್ಲಿ ಅವರು ಬೇರೆಯವರ ಮಾತು ಕೇಳಿ ಬ್ಯಾಟರಿಯನ್ನೂ ಪಂಪನ್ನೂ ಹೊಸದು ಹಾಕಿಸಿದ್ದರು. ಬಲೆಯ ದುಡಿಮೆಯಲ್ಲಿ ಉಳಿಸಿದ ಹಣ ಹೀಗೆ ಹೋಗಿದ್ದು ನನಗೆ ಬಹಳ ಬೇಸರ ತಂದಿತು, ಏಕೆಂದರೆ ಬಂದು ಹೋಗುವ ದೋಷದಲ್ಲಿ ಸಾಮಾನು ಬದಲಿಸುವುದು ಕೊನೆಯ ಕೆಲಸವೇ ಹೊರತು ಮೊದಲನೆಯದಲ್ಲ.

ದಡದಲ್ಲಿ ನಿಂತ ದೋಣಿಯಲ್ಲಿ ನಾನೂ ಮೊದಲ ದಿನ ಏನನ್ನೂ ಕಂಡುಹಿಡಿಯಲಿಲ್ಲ. ಬ್ಯಾಟರಿ 12.6 ವೋಲ್ಟ್ ತೋರಿಸಿತು, ಎಂಜಿನ್ ಓಡುವಾಗ 14ಕ್ಕೆ ಏರಿತು. ಅಂದರೆ ಬ್ಯಾಟರಿಯೂ ಚಾರ್ಜಿಂಗೂ ಸರಿಯಾಗಿದ್ದವು. ಆದ್ದರಿಂದ ಮರುದಿನ ನಸುಕಿನಲ್ಲಿ ಬಲೆ ಎತ್ತಲು ಹೊರಟ ಅವರ ಜೊತೆಗೇ ಮಲ್ಟಿಮೀಟರ್ ಹಿಡಿದು ಹೋದೆ. ಎರಡು ಸಂಗತಿಗಳು ಅಲ್ಲಿ ಕಣ್ಣಿಗೆ ಬಿದ್ದವು. ಬಲೆ ಎಳೆಯುವಾಗ ದೋಣಿ ಎಡಕ್ಕೆ ವಾಲಿದರೆ ದೀಪ ಮಿಣುಕುತ್ತಿತ್ತು. ಪಂಪು ಶುರುವಾದರೆ ದೀಪ ಮಂದವಾಗುತ್ತಿತ್ತು. ಬೇರೆ ಬೇರೆ ಫ್ಯೂಸಿನಿಂದ ಕರೆಂಟು ಪಡೆಯುವ ಎರಡು ಸಾಮಾನು ಒಟ್ಟಿಗೇ ಸೊರಗುತ್ತಿವೆ, ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಮಾತ್ರ ವೋಲ್ಟೇಜ್ ಇಳಿಯುತ್ತಿಲ್ಲ ಎಂದರೆ, ಅವೆರಡಕ್ಕೂ ಸಾಮಾನ್ಯವಾದ ದಾರಿಯಲ್ಲಿಯೇ ತೊಡಕಿರಬೇಕು. ಈ ದೋಣಿಯಲ್ಲಿ ಅಂಥ ದಾರಿ ನೆಗೆಟಿವ್ ತಂತಿಯೊಂದೇ.

ಟ್ರ್ಯಾಕ್ಟರಿನಲ್ಲಿ ಕಬ್ಬಿಣದ ಚಾಸಿಯೇ ನೆಗೆಟಿವ್ ಆಗಿರುವುದರಿಂದ ನಮ್ಮಂಥವರು ಮರಳುವ ದಾರಿಯ ಬಗ್ಗೆ ಹೆಚ್ಚು ಯೋಚಿಸುವುದಿಲ್ಲ. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ. ದೀಪಕ್ಕೆ ಹೋದ ಕರೆಂಟು ತಂತಿಯ ಮೂಲಕವೇ ಬ್ಯಾಟರಿಗೆ ಮರಳಬೇಕು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಪಂಪಿನ ನೆಗೆಟಿವ್‌ಗೆ ಇಟ್ಟು ಪಂಪು ಓಡಿಸಿದೆ. ಅಲ್ಲಿ 0.2 ವೋಲ್ಟಿನ ಆಸುಪಾಸು ಇದ್ದರೆ ಚಿಂತೆಯಿಲ್ಲ. ದೋಣಿ ವಾಲಿದಾಗ ಮೀಟರ್ 3.1 ತೋರಿಸಿತು, ಪಂಪು ನಿಲ್ಲಿಸಿ ದೀಪ ಆರಿಸಿದ ಕೂಡಲೇ ಸೊನ್ನೆಗೆ ಇಳಿಯಿತು. ಈ ಸೊನ್ನೆಯೇ ಎಲ್ಲರನ್ನೂ ದಾರಿ ತಪ್ಪಿಸಿದ್ದು. ತಂತಿಯ ಒಂದೇ ಎಳೆ ಉಳಿದಿದ್ದರೂ ಕರೆಂಟು ಹರಿಯದಿರುವಾಗ ಮೀಟರಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ; ದೀಪ, ಪಂಪು ಓಡಿಸಿ ಹೊರೆ ಹಾಕಿದಾಗಲೇ ಅದರ ಬಣ್ಣ ಬಯಲಾಗುತ್ತದೆ.

ತಂತಿಯಗುಂಟ ಕೈಯಾಡಿಸುತ್ತ ಹೋದಾಗ ಹಲಗೆಯ ಕೆಳಗೆ, ನೀರು ನಿಲ್ಲುವ ಮೂಲೆಯಲ್ಲಿ, ಕರಿ ಟೇಪು ಸುತ್ತಿದ ಒಂದು ಜೋಡಣೆ ಸಿಕ್ಕಿತು. ಟೇಪಿನ ಅಂಟು ಕಾಕಂಬಿಯಂತೆ ಬೆರಳಿಗೆ ಮೆತ್ತಿಕೊಂಡಿತು. ಒಳಗೆ ಮೂರು ತಂತಿಗಳನ್ನು ಬರಿಗೈಯಲ್ಲಿ ಹೊಸೆದು ಕಟ್ಟಿದ್ದರು. ತಾಮ್ರವೆಲ್ಲ ಹಸಿರು ಕಿಲುಬು ಹಿಡಿದು ಪುಡಿಯಾಗಿತ್ತು, ಹೊಳಪು ಉಳಿದಿದ್ದ ಎಳೆಗಳು ಮೂರೋ ನಾಲ್ಕೋ. ಒಂದು ಗೇಣು ಮುಂದೆ ಪ್ಲಾಸ್ಟಿಕ್ ಕೆತ್ತಿ ನೋಡಿದರೆ ಅಲ್ಲಿಯೂ ತಾಮ್ರ ಕಪ್ಪಾಗಿತ್ತು, ಏಕೆಂದರೆ ನೀರು ಎಳೆಗಳ ನಡುವೆ ಒಳಕ್ಕೆ ಹತ್ತುತ್ತದೆ.

ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ, ಆ ತಂತಿಯನ್ನು ಪೂರ್ತಿ ತೆಗೆದುಹಾಕಿದೆ. ಪ್ರತಿಯೊಂದು ಸಾಮಾನಿಗೂ ತವರ ಲೇಪಿಸಿದ ತಾಮ್ರದ ತಂತಿಯನ್ನು ಬೇರೆಯಾಗಿ ಎಳೆದು, ನೀರಿನಿಂದ ಮೇಲೆ ಕೂರಿಸಿದ ಒಂದು ಹಿತ್ತಾಳೆ ಪಟ್ಟಿಗೆ ಸೇರಿಸಿದೆ. ತಂತಿಯ ತುದಿಗೆ ಹಾಕುವ ಲೋಹದ ಲಗ್ಗುಗಳಿಗೆ ಬೆಸುಗೆ ಹಾಕದೆ ಒತ್ತಿಯೇ ಕೂರಿಸಿದೆ. ಕರಗಿದ ಬೆಸುಗೆ ಎಳೆಗಳೊಳಗೆ ಹರಿದು ಸೆಟೆದ ತಂತಿ ಎಂಜಿನ್ನಿನ ನಡುಕಕ್ಕೆ ಆ ಅಂಚಿನಲ್ಲಿಯೇ ಮುರಿಯುತ್ತದೆ. ಅದರ ಮೇಲೆ, ಒಳಬದಿಯಲ್ಲಿ ಅಂಟು ಇರುವ, ಬಿಸಿಗೆ ಕುಗ್ಗುವ ಕೊಳವೆ ಹಾಕಿದೆ.

ವಾರದ ನಂತರ ಮತ್ತೆ ಅವರ ಜೊತೆ ಹೋಗಿ ಅಳೆದಾಗ ದೋಣಿ ವಾಲಿದರೂ ಮೀಟರ್ 0.1 ದಾಟಲಿಲ್ಲ. ಫ್ಯೂಸಿನ ಹಿಡಿಕೆಯಲ್ಲೂ ಕಿಲುಬಿನ ಹಸಿರು ಕಾಣತೊಡಗಿದೆ. ಅದನ್ನು ಮುಂದಿನ ಮಳೆಗಾಲಕ್ಕೆ ಮೊದಲು ಬದಲಿಸಿಕೊಡುವುದಾಗಿ ಕಾಕಾ ಅವರಿಗೆ ಹೇಳಿ ಬಂದಿದ್ದೇನೆ.