ಗಿಡದ ಸಾರದಿಂದ ಮಾತ್ರೆ ಮಾಡುವಾಗ ಮೊದಲು ನೋಡಬೇಕಾದ್ದು ತೇವ

ಔಷಧಿ ಗಿಡಗಳ ಸಾರದಿಂದ ಮಾತ್ರೆ, ಕ್ಯಾಪ್ಸೂಲ್ ರೂಪಿಸುವ ಫಾರ್ಮುಲೇಷನ್ ಕೆಲಸ ನನ್ನದು. ಹೊಸದಾಗಿ ಈ ಕೆಲಸಕ್ಕೆ ಬಂದವರು ಬಂದ ದಿನವೇ ಕೇಳುವುದು ಒಂದೇ: ಇದಕ್ಕೆ ಯಾವ ಬೈಂಡರ್ (ಪುಡಿಯನ್ನು ಹಿಡಿದಿಡುವ ವಸ್ತು), ಯಾವ ಫಿಲ್ಲರ್ (ಗಾತ್ರ ತುಂಬಿಸುವ ವಸ್ತು) ಹಾಕೋಣ? ಅದು ಆಮೇಲಿನ ಮಾತು. ಮೊದಲು ಕೇಳಬೇಕಾದ್ದು, ಈ ಪುಡಿ ಗಾಳಿಯಿಂದ ಎಷ್ಟು ನೀರು ಎಳೆದುಕೊಳ್ಳುತ್ತದೆ ಅಂತ.

ಸಿಂಥೆಟಿಕ್ ಔಷಧದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ವಸ್ತು. ಹೆಚ್ಚಾಗಿ ಹರಳಿನ ರೂಪದಲ್ಲಿರುತ್ತದೆ, ಹೇಳಿದ ಮಾತು ಕೇಳುತ್ತದೆ. ಗಿಡದ ಸಾರ ಹಾಗಲ್ಲ. ನಮಗೆ ಬೇಕಾದ ಅಂಶದ ಜೊತೆ ಸಕ್ಕರೆ, ಅಂಟು, ಟ್ಯಾನಿನ್, ಲವಣ, ಹುಳಿ ಆಮ್ಲಗಳು ಎಲ್ಲ ಕೂಡಿಕೊಂಡೇ ಬರುತ್ತವೆ, ಒಣಗಿಸಿದಾಗ ಹರಳಾಗದೆ ಅಮಾರ್ಫಸ್ ಪುಡಿಯಾಗುತ್ತವೆ. ಇಂಥ ಪುಡಿಗೆ ಒಂದು ಗ್ಲಾಸ್ ಟ್ರಾನ್ಸಿಷನ್ ತಾಪಮಾನ ಇರುತ್ತದೆ, ಅಂದರೆ ಅದನ್ನು ದಾಟಿದರೆ ಗಟ್ಟಿ ಪುಡಿ ಮೆತ್ತಗಾಗಿ ಅಂಟಲು ಶುರುವಾಗುತ್ತದೆ. ಸಣ್ಣ ಸಕ್ಕರೆ, ಆಮ್ಲ ಜಾಸ್ತಿ ಇದ್ದರೆ ಅದು ಮೊದಲೇ ಕೆಳಗಿರುತ್ತದೆ, ನೀರು ಸೇರಿದಷ್ಟೂ ಇನ್ನೂ ಇಳಿಯುತ್ತದೆ, ಇಳಿದು ಇಳಿದು ಕೋಣೆಯ ಉಷ್ಣಾಂಶಕ್ಕೆ ಬಂತೆಂದರೆ ಪುಡಿ ಪುಡಿಯಾಗಿ ಉಳಿಯುವುದಿಲ್ಲ.

ಇದನ್ನು ನೋಡಲು ದೊಡ್ಡ ಯಂತ್ರ ಬೇಡ. ಬಿಗಿಯಾಗಿ ಮುಚ್ಚುವ ಪಾತ್ರೆಯ ತಳದಲ್ಲಿ ಅಡುಗೆ ಉಪ್ಪಿನ ಸ್ಯಾಚುರೇಟೆಡ್ (ಇನ್ನು ಉಪ್ಪು ಕರಗದಷ್ಟು ಗಾಢವಾದ) ದ್ರಾವಣ ಇಡಿ, ಒಳಗಿನ ತೇವಾಂಶ ಶೇ. 75ರ ಆಸುಪಾಸಿನಲ್ಲಿ ನಿಲ್ಲುತ್ತದೆ. ವಾಚ್ ಗ್ಲಾಸ್ ಮೇಲೆ ಸಾರವನ್ನು ತೆಳ್ಳಗೆ ಹರಡಿ, ತೂಗಿ, ಅದರೊಳಗೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅಂಚು ಮೊದಲು ಕಪ್ಪಾಗಿರುತ್ತದೆ. ಮೇಲ್ಮೈ ಮಿರಮಿರ ಹೊಳೆಯುತ್ತದೆ. ಗಾಜನ್ನು ವಾಲಿಸಿದರೂ ಪುಡಿ ಜಾರುವುದಿಲ್ಲ, ಸ್ಪ್ಯಾಚುಲಾ ಎತ್ತಿದರೆ ಎಳೆ ಎಳೆಯಾಗಿ ಬರುತ್ತದೆ. ಇನ್ನು ಕೆಲವು ಸಾರಗಳು ಏನೂ ಆಗದ ಹಾಗೆ ಉದುರುದುರಾಗಿ ಕೂತಿರುತ್ತವೆ. ಇವೆರಡಕ್ಕೂ ಒಂದೇ ಫಾರ್ಮುಲಾ ಹೇಗೆ ಹೊಂದುತ್ತದೆ ಹೇಳಿ?

ಎಳೆ ಬರುವ ಸಾರ ಅಂತ ಗೊತ್ತಾದರೆ ಮುಂದಿನ ಎಷ್ಟೋ ತೀರ್ಮಾನ ತಾನಾಗಿಯೇ ಆಗಿಹೋಗುತ್ತದೆ. ನೀರು ಹಾಕಿ ಗ್ರ್ಯಾನ್ಯುಲೇಷನ್ ಮಾಡುವ, ಅಂದರೆ ಪುಡಿಯನ್ನು ಸಣ್ಣ ಕಾಳುಗಳಾಗಿ ಕಟ್ಟುವ, ಮಾತೇ ಇಲ್ಲ. ಪುಡಿಯನ್ನು ಒಣಗಿದ್ದಂತೆಯೇ ಉರುಳೆಗಳ ನಡುವೆ ಒತ್ತುವ ರೋಲರ್ ಕಾಂಪ್ಯಾಕ್ಷನ್, ಇಲ್ಲವೇ ಆಲ್ಕೋಹಾಲ್‌ನಲ್ಲಿ ಪಿವಿಪಿ ಎಂಬ ಬೈಂಡರ್ ಕರಗಿಸಿ ಮಾಡುವ ಗ್ರ್ಯಾನ್ಯುಲೇಷನ್. ಕೋಣೆಯ ತೇವಾಂಶ ತಗ್ಗಿಸದೆ ಯಂತ್ರದ ಹಾಪರ್ (ಪುಡಿ ಸುರಿಯುವ ಬಾಯಿ) ತುಂಬಬಾರದು, ಸಾರ ಮಾತ್ರೆ ಒತ್ತುವ ಪಂಚ್‌ಗೆ ಅಂಟಿ ಮಾತ್ರೆಯ ಮುಖ ಕಿತ್ತು ಬರುತ್ತದೆ. ಅದಕ್ಕೆ ಸುಮ್ನೆ ಅಂಟದಂತೆ ಜಾರಿಸುವ ಮೆಗ್ನೀಸಿಯಂ ಸ್ಟಿಯರೇಟ್ ಏರಿಸುತ್ತಾ ಹೋದರೆ ಮಾತ್ರೆ ಕರಗುವುದು ನಿಧಾನವಾಗುತ್ತದೆ. ಸಾರವನ್ನು ಬಿಸಿ ಗಾಳಿಗೆ ಸಿಂಪಡಿಸಿ ಒಣಗಿಸುವಾಗಲೇ (ಸ್ಪ್ರೇ ಡ್ರೈ) ಮಾಲ್ಟೋಡೆಕ್ಸ್‌ಟ್ರಿನ್ ಸೇರಿಸಿದರೆ ಪುಡಿ ಸುಧಾರಿಸುತ್ತದೆ, ಕೊಲಾಯ್ಡಲ್ ಸಿಲಿಕಾ ಕೂಡ ಸಹಾಯ ಮಾಡುತ್ತದೆ. ಆದರೆ ಡೋಸ್ 500 ಮಿಲಿಗ್ರಾಂ ಸಾರ ಅಂತಿದ್ದರೆ ಇವನ್ನೆಲ್ಲ ತುಂಬಿಸಲು ಜಾಗವೆಲ್ಲಿ? ನುಂಗುವವರ ಗಂಟಲಿನ ಅಳತೆ ನಮ್ಮ ಅನುಕೂಲಕ್ಕೆ ಬದಲಾಗುವುದಿಲ್ಲ.

ಕ್ಯಾಪ್ಸೂಲ್‌ಗೆ ಹಾಕಿದರೆ ಮುಗೀತು ಅನ್ನುವವರೂ ಇದ್ದಾರೆ. ಗಟ್ಟಿ ಜೆಲಟಿನ್ ಕವಚದಲ್ಲಿ ಶೇ. 13ರಿಂದ 16ರಷ್ಟು ನೀರಿರುತ್ತದೆ. ನೀರಿಗೆ ಹಸಿದ ಸಾರ ಆ ನೀರನ್ನೂ ಎಳೆದುಕೊಂಡರೆ ಕವಚ ಪೆಡಸಾಗಿ ಬಿರಿಯುತ್ತದೆ. ಟ್ಯಾನಿನ್ ಜಾಸ್ತಿ ಇರುವ ಸಾರವಾದರೆ ಇನ್ನೊಂದು ತೊಂದರೆ: ಟ್ಯಾನಿನ್ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಜೆಲಟಿನ್ ಪ್ರೋಟೀನೇ ಅಲ್ವಾ, ಕವಚ ಸರಿಯಾಗಿ ಕರಗುವುದಿಲ್ಲ. ಇಂಥ ಕಡೆ ನಾನು ಸೆಲ್ಯುಲೋಸ್‌ನಿಂದ ಮಾಡಿದ ಎಚ್‌ಪಿಎಂಸಿ ಕವಚಕ್ಕೇ ಹೋಗುತ್ತೇನೆ.

ಡಿಸ್‌ಇಂಟಿಗ್ರೇಷನ್ ಪರೀಕ್ಷೆಯ, ಅಂದರೆ ಮಾತ್ರೆ ನೀರಿನಲ್ಲಿ ಎಷ್ಟು ಹೊತ್ತಿಗೆ ಒಡೆಯುತ್ತದೆ ಎಂದು ನೋಡುವ ಪರೀಕ್ಷೆಯ, ವಿಷಯ ಸ್ವಲ್ಪ ನಿಂತು ಹೇಳಬೇಕು. ಕೋಟಿಂಗ್ ಇಲ್ಲದ ಮಾತ್ರೆಗೆ ಫಾರ್ಮಾಕೋಪಿಯಾಗಳು (ಔಷಧಗಳ ಗುಣಮಟ್ಟದ ಅಧಿಕೃತ ಪುಸ್ತಕಗಳು) ಸಾಮಾನ್ಯವಾಗಿ ಕೊಡುವ ಸಮಯ 15 ನಿಮಿಷ. ಸಮಯ ಮೀರಿದ ಮಾತ್ರೆಯನ್ನು ಪರೀಕ್ಷಾ ಯಂತ್ರದ ಬುಟ್ಟಿಯಿಂದ ತೆಗೆದು ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ನೋಡಿ. ಹೊರಗೆ ಕಂದು ಬಣ್ಣದ ಲೋಳೆಯ ಪದರ, ಒಳಗೆ ಒಣಕಲು ಪುಡಿ, ನೀರು ಮುಟ್ಟಿಯೇ ಇರುವುದಿಲ್ಲ. ಸಾರದಲ್ಲಿರುವ ಅಂಟು ಮೊದಲು ಕರಗಿ ಹೊರಗಡೆ ಗೋಡೆ ಕಟ್ಟುತ್ತದೆ. ಆಗ ನೀರು ಕುಡಿದು ಉಬ್ಬಿ ಮಾತ್ರೆ ಒಡೆಯುವ ಕ್ರಾಸ್‌ಕಾರ್ಮೆಲೋಸ್ ಎಷ್ಟು ಸುರಿದರೂ ನೀರು ಒಳಗೆ ಹೋದರೆ ತಾನೇ ಅದು ಉಬ್ಬುವುದು! ಅದರ ಒಂದು ಪಾಲನ್ನು ಗ್ರ್ಯಾನ್ಯೂಲ್ ಒಳಗೆ, ಇನ್ನೊಂದು ಪಾಲನ್ನು ಹೊರಗೆ ಹಂಚಿ, ಲ್ಯಾಕ್ಟೋಸ್ ಬದಲು ನೀರಿನಲ್ಲಿ ಕರಗದ ಡೈಕ್ಯಾಲ್ಸಿಯಂ ಫಾಸ್ಫೇಟ್, ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಹಾಕಿದಾಗ ನೀರಿಗೆ ದಾರಿ ಸಿಗುತ್ತದೆ. ಪಟ್ಟಿಯಲ್ಲಿ "ವಿಫಲ" ಅಂತ ಬರೆದು ಮಾತ್ರೆ ಬಿಸಾಡುವ ಹುಡುಗರಿಗೆ ನಾನು ಹೇಳುವುದು ಇಷ್ಟೇ, ಮೊದಲು ಕೊಯ್ದು ನೋಡಪ್ಪಾ.

ಮಾತ್ರೆ ಒಡೆಯಿತು ಅಂದ ಮಾತ್ರಕ್ಕೆ ಔಷಧ ರಕ್ತಕ್ಕೆ ಸೇರಿತು ಅಂತಲೂ ಅಲ್ಲ. ಅರಿಶಿನದ ಕರ್ಕ್ಯುಮಿನ್ ಎಲ್ಲರಿಗೂ ಗೊತ್ತಿರುವ ಉದಾಹರಣೆ. ನೀರಿನಲ್ಲಿ ಕರಗುವುದಿಲ್ಲ, ಹೀರಿಕೊಂಡ ಸ್ವಲ್ಪವನ್ನೂ ದೇಹ ಬೇಗ ಬದಲಾಯಿಸಿ ಹೊರಹಾಕುತ್ತದೆ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಮನುಷ್ಯರಲ್ಲಿ ಜೈವಿಕ ಲಭ್ಯತೆ (ರಕ್ತಕ್ಕೆ ಸೇರುವ ಪ್ರಮಾಣ) ಶೇ. 2000ರಷ್ಟು ಹೆಚ್ಚಿತು. ಅದನ್ನು ಓದಿ ಎಲ್ಲದಕ್ಕೂ ಪೈಪರಿನ್ ಸೇರಿಸೋಣ ಅನ್ನುವ ಉತ್ಸಾಹ ನನಗೆ ಇಷ್ಟವಿಲ್ಲ. ರೋಗಿ ತೆಗೆದುಕೊಳ್ಳುವ ಬೇರೆ ಔಷಧಗಳ ಮಟ್ಟವನ್ನೂ ಅದು ಏರಿಸಬಲ್ಲದು.

ಎಲ್ಲವೂ ರಕ್ತಕ್ಕೆ ಸೇರಲೇಬೇಕು ಅಂತೇನೂ ಇಲ್ಲ. ಕ್ರೋಟಾನ್ ಲೆಕ್ಲೆರಿ ಮರದ ಕೆಂಪು ಹಾಲಿನಿಂದ ತೆಗೆದ ಕ್ರೋಫೆಲೆಮರ್‌ಗೆ 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಎಚ್‌ಐವಿ ಔಷಧ ತೆಗೆದುಕೊಳ್ಳುವವರ ಸೋಂಕಿನಿಂದಲ್ಲದ ಭೇದಿಗೆ. ಅದು ರಕ್ತಕ್ಕೆ ಹೋಗುವುದು ತೀರಾ ಕಡಿಮೆ, ಕೆಲಸವೆಲ್ಲ ಕರುಳಿನಲ್ಲೇ. ಹಾಗಾಗಿ 125 ಮಿಲಿಗ್ರಾಂ ಮಾತ್ರೆಯನ್ನು ಹೊಟ್ಟೆಯ ಆಮ್ಲ ದಾಟಿದ ಮೇಲೆ ಬಿಡುಗಡೆಯಾಗುವಂತೆ ಮಾಡಿದ್ದಾರೆ. ಔಷಧ ಎಲ್ಲಿ ಕೆಲಸ ಮಾಡಬೇಕು ಅನ್ನುವುದರಿಂದ ಮಾತ್ರೆಯ ರೂಪ ಹುಟ್ಟಿದೆ. ನನಗೆ ಬಹಳ ಮೆಚ್ಚುಗೆಯಾದ ಕೆಲಸ ಅದು.

ಕೊನೆಗೆ ಸಾರ ಕಳಿಸುವವರ ವಿಷಯ. ಮಾರ್ಕರ್ ಅಂಶ (ಸಾರದ ಗುರುತಿಗೆ ಅಳೆಯುವ ವಸ್ತು) ಎರಡು ಬ್ಯಾಚ್‌ಗಳಲ್ಲೂ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಒಂದೇ ಬಂದಿರುತ್ತದೆ, ಆದರೂ ಒಂದು ಸಲೀಸಾಗಿ ಹರಿಯುತ್ತದೆ, ಇನ್ನೊಂದು ಹಾಪರ್‌ನಲ್ಲೇ ಕಟ್ಟಿಕೊಳ್ಳುತ್ತದೆ. ಕೊಯ್ಲಿನ ಕಾಲ ಬದಲಾದರೆ ಸಕ್ಕರೆ ಬದಲಾಗುತ್ತದೆ, ಅದನ್ನು ಮಾರ್ಕರ್ ಹೇಳುವುದಿಲ್ಲ. ಹಾಗಾಗಿ ಬರುವ ಪ್ರತಿ ಬ್ಯಾಚ್‌ಗೂ ಆ ಉಪ್ಪಿನ ಪಾತ್ರೆಯ ಪರೀಕ್ಷೆಯನ್ನು ಸ್ಪೆಸಿಫಿಕೇಷನ್‌ನಲ್ಲೇ ಬರೆಸಿದ್ದೇವೆ. ಜೊತೆಗೆ ಮೂರು ವಿವರ ಲಿಖಿತವಾಗಿ ಬೇಕು: ಎಷ್ಟು ಗಿಡದಿಂದ ಎಷ್ಟು ಸಾರ, ಯಾವ ದ್ರಾವಕ, ಒಣಗಿಸುವಾಗ ಸೇರಿಸಿದ ವಸ್ತು ಯಾವುದು, ಎಷ್ಟು. ಇವು ಇಲ್ಲದೆ ಬಂದ ಸ್ಯಾಂಪಲ್ ಮೇಲೆ ನಾನು ಟ್ರಯಲ್ ಶುರು ಮಾಡುವುದಿಲ್ಲ.