ತೀರ್ಪು ಕೊಟ್ಟರೆ ದೇಶಗಳು ಕೇಳುತ್ತವಾ?

ನಾನು ಗಡಿ ವ್ಯಾಜ್ಯಗಳ ಬಗ್ಗೆ ಓದುತ್ತೇನೆ ಅಂತ ಗೊತ್ತಿರುವವರೆಲ್ಲ ಕೇಳುವುದು ಒಂದೇ. "ಎರಡು ದೇಶಗಳ ಜಗಳಕ್ಕೆ ಮೂರನೆಯವರು ಪಂಚಾಯ್ತಿ ಮಾಡಿದರೆ ಯಾರು ಕೇಳ್ತಾರೆ? ಸೋತವರ ಮೇಲೆ ಪೊಲೀಸರನ್ನು ಕಳಿಸೋಕಾಗುತ್ತಾ?"

ಆಗಲ್ಲ. ಅಂಥ ಪೊಲೀಸರು ಎಲ್ಲೂ ಇಲ್ಲ. ಆದರೂ ಎಷ್ಟೋ ಸಲ ಕೇಳ್ತಾರೆ. ಯಾಕೆ ಅನ್ನೋದಕ್ಕೆ ಗುಜರಾತ್‌–ಪಾಕಿಸ್ತಾನ ಗಡಿಯಲ್ಲಿರುವ ಕಛ್ ರಣ್‌ ವಿಷಯ ಹೇಳಬೇಕು.

ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಕಣ್ಣು ಹಾಯಿಸಿದಷ್ಟೂ ಬಿಳಿ ಉಪ್ಪು. ಇದು ಸಮುದ್ರ ಇದ್ದ ಹಾಗೆ, ಗಡಿ ನಟ್ಟನಡುವೆ ಹೋಗಬೇಕು ಅಂತ ಪಾಕಿಸ್ತಾನದ ವಾದ. ಇಲ್ಲ, ರಣ್ ಪೂರ್ತಿ ಕಛ್ ಸಂಸ್ಥಾನದ್ದು, ಗಡಿ ಇರುವುದು ಉತ್ತರದ ಅಂಚಿನಲ್ಲಿ ಅಂತ ಭಾರತದ್ದು. 1965ರ ಏಪ್ರಿಲ್‌ನಲ್ಲಿ ಗುಂಡಿನ ಕಾಳಗವೇ ಆಯಿತು. ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮಧ್ಯೆ ಬಂದು ಜೂನ್ 30ಕ್ಕೆ ಒಪ್ಪಂದ ಮಾಡಿಸಿದರು. ಮಾತುಕತೆಯಲ್ಲಿ ಮುಗಿಯದಿದ್ದರೆ ಮೂವರು ಪಂಚರು, ಅವರ ತೀರ್ಪನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಅಂತ ಅದರಲ್ಲೇ ಬರೆದಿತ್ತು. ಎರಡೇ ತಿಂಗಳಲ್ಲಿ ದೊಡ್ಡ ಯುದ್ಧ ಬಂತು. ಆದರೂ ಆ ಕಾಗದವನ್ನು ಯಾರೂ ಹರಿದು ಹಾಕಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸೋಜಿಗವಾಗುತ್ತದೆ.

ಪಂಚರಲ್ಲಿ ಭಾರತದವರೂ ಇಲ್ಲ, ಪಾಕಿಸ್ತಾನದವರೂ ಇಲ್ಲ. ಭಾರತ ಆರಿಸಿದ್ದು ಯುಗೊಸ್ಲಾವಿಯದ ಅಲೆಶ್ ಬೆಬ್ಲರ್ ಅವರನ್ನು. ಪಾಕಿಸ್ತಾನ ಆರಿಸಿದ್ದು ಇರಾನಿನ ನಸ್ರೊಲ್ಲಾ ಎಂತೆಜಾಮ್ ಅವರನ್ನು. ಅಧ್ಯಕ್ಷರು ಸ್ವೀಡನ್ನಿನ ಗುನ್ನಾರ್ ಲಾಗರ್‌ಗ್ರೆನ್. ಜಿನೀವಾದಲ್ಲಿ ಕೂತು ಹಳೇ ನಕ್ಷೆ, ಹಳೇ ಪತ್ರಗಳನ್ನು ಜಾಲಾಡಿದರು. 1968ರ ಫೆಬ್ರುವರಿ 19ರಂದು ತೀರ್ಪು ಬಂತು. ಪಾಕಿಸ್ತಾನ ಕೇಳಿದ್ದು ಸುಮಾರು 3,500 ಚದರ ಮೈಲಿ. ಸಿಕ್ಕಿದ್ದು ಅದರಲ್ಲಿ ಹತ್ತನೇ ಒಂದು ಪಾಲು. ಬೆಬ್ಲರ್ ಮಾತ್ರ ಇದಕ್ಕೆ ಒಪ್ಪಲಿಲ್ಲ, ರಣ್ ಭಾರತದ್ದೇ ಅಂದರು.

ದಿಲ್ಲಿಯಲ್ಲಿ ಗದ್ದಲವೋ ಗದ್ದಲ. ಒಂದಿಂಚೂ ಬಿಡಬಾರದು ಅಂತ ಕೂಗಿದರು. ಕೇಸು ಸುಪ್ರೀಂ ಕೋರ್ಟಿಗೂ ಹೋಯಿತು. ಇದು ನೆಲ ಬಿಟ್ಟುಕೊಟ್ಟಂತೆ ಅಲ್ಲ, ಗಡಿ ಎಲ್ಲಿತ್ತು ಅಂತ ಗೊತ್ತು ಮಾಡಿದ್ದು, ಸಂವಿಧಾನ ತಿದ್ದಬೇಕಿಲ್ಲ ಅಂತ 1969ರಲ್ಲಿ ಕೋರ್ಟು ಹೇಳಿತು. ಸರ್ಕಾರಕ್ಕೂ ಜನರ ಮುಂದೆ ನಿಲ್ಲಲು ಒಂದು ಮಾತು ಸಿಕ್ಕಿತು, ಅಲ್ವಾ? ನಾವಾಗಿ ಕೊಟ್ಟಿದ್ದಲ್ಲ, ಪಂಚರು ಹೇಳಿದ್ದು, ಕೊಟ್ಟ ಮಾತು ಉಳಿಸಿಕೊಂಡಿದ್ದೇವೆ ಅಂತ. ಗಡಿಕಲ್ಲು ನೆಟ್ಟರು.

ಹಾಗಾಗಿ ನನಗೆ ತೀರ್ಪಿಗಿಂತ ಮೊದಲೇ ಸಹಿ ಹಾಕುವ ಕಾಗದ ಜಾಸ್ತಿ ಮುಖ್ಯ. ಮುಂದೆ ಇದೇ ಲಾಗರ್‌ಗ್ರೆನ್ ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ತಾಬಾ ವ್ಯಾಜ್ಯಕ್ಕೂ ಅಧ್ಯಕ್ಷರಾದರು. ಕೆಂಪು ಸಮುದ್ರದ ಕೊಲ್ಲಿಯ ದಡದ ಚೂರು ನೆಲ, 91ನೇ ಗಡಿಕಂಬ ಎಲ್ಲಿತ್ತು ಅನ್ನೋದೇ ಜಗಳ. ಎರಡೂ ದೇಶಗಳು ಒಪ್ಪಿಕೊಂಡಿದ್ದ ಷರತ್ತು ನೋಡಿ: ಈಜಿಪ್ಟ್ ತೋರಿಸಿದ ಜಾಗ, ಇಲ್ಲವೇ ಇಸ್ರೇಲ್ ತೋರಿಸಿದ ಜಾಗ. ಪಂಚರು ತಾವಾಗಿ ಮೂರನೇ ಜಾಗ ಹುಡುಕುವಂತಿಲ್ಲ. ಸುಮ್ನೆ ಅರ್ಧರ್ಧ ಹಂಚುವ ದಾರಿಯೇ ಮುಚ್ಚಿತ್ತು. 1988ರಲ್ಲಿ ಈಜಿಪ್ಟ್ ಗೆದ್ದಿತು. ಮರುವರ್ಷ ಇಸ್ರೇಲ್ ಜಾಗ ಖಾಲಿ ಮಾಡಿತು.

ಎಲ್ಲ ಕಡೆ ಹೀಗಾಗಲ್ಲ ನಿಜ. ದಕ್ಷಿಣ ಅಮೆರಿಕದ ತುದಿಯಲ್ಲಿರುವ ಬೀಗಲ್ ಜಲಸಂಧಿಯ ಬಗ್ಗೆ ಬಂದ 1977ರ ತೀರ್ಪನ್ನು ಅರ್ಜೆಂಟೀನಾ ತಿರಸ್ಕರಿಸಿತು, ಚಿಲಿ ಜೊತೆ ಯುದ್ಧದ ಅಂಚಿಗೆ ಹೋಯಿತು. ಪೋಪ್ ಎರಡನೇ ಜಾನ್ ಪಾಲ್ ಮಧ್ಯಸ್ಥಿಕೆ ವಹಿಸಿ, 1984ರ ಹೊತ್ತಿಗೆ ಒಪ್ಪಂದವಾಯಿತು.

ಕಛ್‌ಗೇ ವಾಪಸ್ ಬಂದರೆ, ರಣ್‌ನ ಪಶ್ಚಿಮದ ಕೊನೆಯಲ್ಲಿ ಸರ್ ಕ್ರೀಕ್ ಇದೆ. ಅಲ್ಲಿ ತಕರಾರಿಲ್ಲ ಅಂತ ಎರಡೂ ಕಡೆಯವರು ಅದನ್ನು ಪಂಚರ ಮುಂದೆ ಇಡದೆ ಬಿಟ್ಟಿದ್ದರು. ಆ ಕೆಸರು ಕಾಲುವೆಯ ಜಗಳ ಮಾತ್ರ ಇವತ್ತಿಗೂ ಮುಗಿದಿಲ್ಲ.